ಬೆನ್ನು ನೆಲ ಮುಟ್ಟಿದ ಮೇಲೆ

ನಮ್ಮ ಮನೆಯಲ್ಲಿ ಬಿಸಿ ಕುಕ್ಕರನ್ನು ಒಲೆಯಿಂದ ಇಳಿಸಲು ಬಳಸುವ ಬಟ್ಟೆಯ ಮೇಲೆ ಒಬ್ಬ ಜಪಾನೀ ಪೈಲ್ವಾನನ ಹೆಸರಿದೆ. ಹೆಸರೇ ಇರಬೇಕು ಅಂದುಕೊಂಡಿದ್ದೇನೆ, ಆ ಲಿಪಿ ನನಗೆ ಬರುವುದಿಲ್ಲ. ಕೆಂಪು ಅಂಚಿನ, ಕೊರಳಿಗೆ ಸುತ್ತಿಕೊಳ್ಳುವಷ್ಟು ಉದ್ದದ ಟವೆಲು ಅದು. ಮೊದಮೊದಲು ಬೀರುವಿನಲ್ಲಿ ಮಡಿಚಿಟ್ಟಿದ್ದೆವು. ಒಂದು ದಿನ ಕೈಗೆ ಬೇರೆ ಬಟ್ಟೆ ಸಿಗದೆ ನನ್ನ ಹೆಂಡತಿ ಮಂಜುಳಾ ಅದರಲ್ಲೇ ಕುಕ್ಕರು ಹಿಡಿದಳು. ಅಂದಿನಿಂದ ಅದು ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ಮೊನ್ನೆ ಊಟಕ್ಕೆ ಬಂದಿದ್ದ ಮಂಗಳೂರಿನ ಸ್ನೇಹಿತರೊಬ್ಬರು ಅದನ್ನು ತಿರುಗಿಸಿ ಮಗುಚಿ ನೋಡಿ, "ಎಂತ ಮಾರಾಯ್ರೆ, ಜಪಾನಿಗೆ ಹೋಗಿ ಬಂದದ್ದು ಹೇಳಲೇ ಇಲ್ಲ ನೀವು!" ಅಂದರು. ನಾವು ಜಪಾನಿಗೆ ಹೋದವರಲ್ಲ. ನಾವಿರುವ ದೋಹಾದಿಂದ ಕಾರಿನಲ್ಲಿ ಹೋಗಿಬರಬಹುದಾದ ಅಲ್ ಖೋರ್‌ಗೆ ಹೋಗಿದ್ದೆವು, ಅಷ್ಟೆ.

ಅದನ್ನು ಹೇಳುವ ಮೊದಲು ಕುಸ್ತಿಗೂ ನನಗೂ ಇರುವ ಸಂಬಂಧವನ್ನು ಹೇಳಿಬಿಡುತ್ತೇನೆ. ದೋಹಾದಲ್ಲಿ ನಾನು ಮೈಸೂರಿನವನು ಅಂದ ಕೂಡಲೇ ಜನ ಅರಮನೆಯ ಬಗ್ಗೆ ಕೇಳುತ್ತಾರೆ, ಇಲ್ಲವೇ ಮೈಸೂರು ಪಾಕಿನ ಬಗ್ಗೆ ಕೇಳುತ್ತಾರೆ. ಗರಡಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದಿರುವುದೇ ಒಳ್ಳೆಯದು, ಯಾಕೆಂದರೆ ನಾನು ಗರಡಿಗೆ ಹೋದದ್ದು ಒಂದೇ ಒಂದು ವಾರ. ಕಡ್ಡಿಯ ಹಾಗಿದ್ದ ನನ್ನನ್ನು ನೋಡಲಾರದೆ ಸೋದರಮಾವ ತಾನೇ ಎಳೆದುಕೊಂಡು ಹೋಗಿ ಸೇರಿಸಿದ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರ ಎಲ್ಲ ಬೆರೆಸಿದ ಆ ವಾಸನೆ ಇವತ್ತಿಗೂ ನೆನಪಿದೆ. ವಾಸನೆ ಚೆನ್ನಾಗಿತ್ತು. ಆ ಮಣ್ಣಿನ ಮೇಲೆ ನನಗಾಗಿ ಕಾಯುತ್ತ ನಿಂತಿದ್ದ ಹುಡುಗ ಮಾತ್ರ ಚೆನ್ನಾಗಿರಲಿಲ್ಲ. ಅವನು ನನ್ನ ಕೈ ಕುಲುಕಿದ್ದು ಗೊತ್ತು. ಆಮೇಲೆ ನನಗೆ ಕಂಡದ್ದು ಹೆಂಚಿನ ಸೂರು. ಏಳನೆಯ ದಿನದ ಹೊತ್ತಿಗೆ ಆ ಸೂರಿನಲ್ಲಿ ಎಲ್ಲೆಲ್ಲಿ ಹೆಂಚು ಒಡೆದಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಆ ಜ್ಞಾನವನ್ನು ಹೊತ್ತುಕೊಂಡು ಮನೆಗೆ ಓಡಿ ಬಂದವನು ಮತ್ತೆ ಆ ಬೀದಿಯಲ್ಲಿ ಸುಳಿಯಲಿಲ್ಲ.

ಇಂಥವನಿಗೆ ಗಂಟುಬಿದ್ದದ್ದು ಗರಡಿಯ ಉಸ್ತಾದರ ಮಗಳು. ಹೆಣ್ಣು ನೋಡಲು ಹೋದಾಗ ಮಾವನವರು ಕೈ ಕುಲುಕುವ ನೆಪದಲ್ಲಿ ನನ್ನ ತೋಳನ್ನು ಮೊಣಕೈವರೆಗೆ ಒತ್ತಿ ನೋಡಿದರು. ತೋಳು ಬಿಟ್ಟು, "ಚೆನ್ನಾಗಿ ಓದವ್ರೆ ಅನ್ನಿ" ಎಂದು ಪಕ್ಕದವರಿಗೆ ಹೇಳಿದರು. ಅವರ ಬಾಯಿಂದ ನನಗೆ ಸಿಕ್ಕಿದ ದೊಡ್ಡ ಹೊಗಳಿಕೆ ಅದೇ.

ಗರಡಿಯೊಳಕ್ಕೆ ಹೆಣ್ಣುಮಕ್ಕಳು ಹೋಗುವ ಪದ್ಧತಿ ಇರಲಿಲ್ಲ. ಮಂಜುಳಾ ತಮ್ಮ ಮನೆಯ ಮಹಡಿಯ ಕಿಟಕಿಯಲ್ಲಿ ಕೂತು ಎಲ್ಲವನ್ನೂ ನೋಡಿ ಬೆಳೆದವಳು. ನೋಡಿ ನೋಡಿಯೇ ಪಟ್ಟುಗಳ ಹೆಸರು, ಮರುಪಟ್ಟು, ಯಾವನ ಕಾಲು ಯಾವಾಗ ಜಾರುತ್ತದೆ ಎಂಬುದೆಲ್ಲ ಅವಳಿಗೆ ತಿಳಿದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ತಲೆಗೆ ಇಳಿದದ್ದು ಅಪ್ಪನ ಒಂದು ಶಿಸ್ತು. ಬೆನ್ನು ಮಣ್ಣು ಮುಟ್ಟಿದರೆ ಚಿತ್, ಅಲ್ಲಿಗೆ ಮುಗಿಯಿತು. ಮುಟ್ಟಿತೋ ಇಲ್ಲವೋ ಎಂದು ಪಂಚರ ಮುಖ ನೋಡಬಾರದು. ಮುಟ್ಟಿದ್ದು ಬೆನ್ನಿಗೆ ಗೊತ್ತಿರುತ್ತದಲ್ಲ, ತಾನೇ ಎದ್ದು, ಗೆದ್ದವನಿಗೆ ಕೈ ಕೊಟ್ಟು, ತಲೆ ಎತ್ತಿಕೊಂಡು ಅಖಾಡದಿಂದ ಹೊರಗೆ ಬರಬೇಕು. ಕಾಲು ಹಿಡಿದು ಒದ್ದಾಡುವವನು, ಮುಟ್ಟಿಲ್ಲ ಎಂದು ಜಗಳ ತೆಗೆಯುವವನು ಮಾವನವರ ಲೆಕ್ಕದಲ್ಲಿ ಪೈಲ್ವಾನನೇ ಅಲ್ಲ. ಇದು ಒಳ್ಳೆಯ ಶಿಸ್ತು, ನಾನೂ ಒಪ್ಪುತ್ತೇನೆ. ಕತಾರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ತೆಗೆಯಲು ಮಾತ್ರ ಅದು ಒಗ್ಗುವುದಿಲ್ಲ.

ಮಂಜುಳಾ ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರಾಗಿದ್ದವಳು. ಮದುವೆಯಾಗಿ ನನ್ನ ಜೊತೆ ಇಲ್ಲಿಗೆ ಬಂದ ಮೇಲೆ ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಯೇ ಅವಳ ಪ್ರಪಂಚವಾಯಿತು. ಹೋದ ವರ್ಷ ಒಂದು ಶಾಲೆಯವರು ಅವಳನ್ನು ಕರೆದು ಮಾತಾಡಿಸಿದರು, ಪಾಠ ಮಾಡಿಸಿ ನೋಡಿ ಒಪ್ಪಿದರು. ಶಾಲೆ ಇರುವುದು ಊರಾಚೆ, ನಮ್ಮ ಕಡೆಗೆ ಅವರ ಬಸ್ಸು ಬರುವುದಿಲ್ಲ. ನನ್ನ ಆಫೀಸು ತದ್ವಿರುದ್ಧ ದಿಕ್ಕಿಗೆ, ಹೊತ್ತು ಮಾತ್ರ ಅದೇ. ದಿನಾ ಟ್ಯಾಕ್ಸಿ ಮಾಡಿದರೆ ಸಂಬಳವನ್ನು ಟ್ಯಾಕ್ಸಿಯವನ ಮನೆಗೇ ಕಳಿಸಿ ಎನ್ನಬೇಕಾಗುತ್ತದೆ. ಪ್ರಿನ್ಸಿಪಾಲರು ರಜೆ ಮುಗಿಯುವವರೆಗೆ ಕಾಯುತ್ತೇನೆ, ಲೈಸೆನ್ಸ್ ತೆಗೆದುಕೊಂಡು ಬನ್ನಿ ಎಂದರು. "ಎಷ್ಟು ವರ್ಷ ಆಯ್ತು ರೀ ನನ್ನನ್ನ ಯಾರಾದ್ರೂ ಮಿಸ್ ಅಂತ ಕರೆದು" ಎಂದು ಅವಳು ಅವತ್ತು ಸಂಜೆ ಅಂದಳು. ಇಷ್ಟು ವರ್ಷ ಅವಳು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಊರಿನಲ್ಲಿ ಅವಳು ಕಾರು ಓಡಿಸಿದವಳೇ. ಆದರೆ ಇಲ್ಲಿ ಎಲ್ಲವೂ ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ. ಮೊದಲನೆಯ ಟೆಸ್ಟಿನಲ್ಲಿ ತಿರುಗುವ ಮುಂಚೆ ಇಂಡಿಕೇಟರ್ ಹಾಕಲು ಹೋಗಿ ಊರಿನ ಅಭ್ಯಾಸದಲ್ಲಿ ವೈಪರ್ ಹಾಕಿದಳು. ಮೋಡ ಕೂಡ ಇಲ್ಲದ ಆಕಾಶದ ಕೆಳಗೆ ಎರಡು ಕಡ್ಡಿಗಳು ಕಿರ್ರ್ ಎಂದು ಒಣಗಾಜು ಒರೆಸತೊಡಗಿದವು. ಇದು ಇಲ್ಲಿಗೆ ಬಂದ ಭಾರತೀಯರೆಲ್ಲ ಮಾಡುವ ತಪ್ಪು, ನಾನೂ ಎಷ್ಟು ಸಲ ಮಾಡಿದ್ದೇನೋ. ಮಾಡಿ, ಕೆಮ್ಮಿ, ಮುಂದೆ ಹೋಗಿದ್ದೇನೆ. ಮಂಜುಳಾ ಹಾಗಲ್ಲ. ಕಾರನ್ನು ನೀಟಾಗಿ ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗ್‌ನಿಂದ ಕೈ ತೆಗೆದು, ಪಕ್ಕದಲ್ಲಿ ಕೂತು ಪರೀಕ್ಷಿಸುತ್ತಿದ್ದ ಪೊಲೀಸ್ ಆಫೀಸರಮ್ಮನಿಗೆ ಥ್ಯಾಂಕ್ಯೂ ಹೇಳಿ ಇಳಿದುಬಿಟ್ಟಳು. ಎರಡನೆಯ ಸಲ ಪಾರ್ಕಿಂಗಿನಲ್ಲಿ ಒಂದು ಕೋನ್‌ಗೆ ಬಂಪರ್ ತಾಗಿತು. ಆಗಲೂ ಥ್ಯಾಂಕ್ಯೂ ಹೇಳಿ ಇಳಿದಳು. ಮೂರನೆಯ ಸಲ, ನಾಲ್ಕನೆಯ ಸಲ ಏನೇನಾಯಿತೋ ನನಗೆ ಸರಿಯಾಗಿ ನೆನಪಿಲ್ಲ, ಅಂತೂ ಹೊರಗೆ ಬರುವಾಗ ಅವಳ ತಲೆ ಎತ್ತಿಯೇ ಇರುತ್ತಿತ್ತು. ಫೇಲಾಗಿ ಬಂದವಳೋ ಬಹುಮಾನ ತೆಗೆದುಕೊಂಡು ಬಂದವಳೋ ತಿಳಿಯುತ್ತಿರಲಿಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಕಲಿಸುತ್ತಿದ್ದವಳು ಗ್ರೇಸ್ ಎಂಬ ಫಿಲಿಪ್ಪೀನ್ಸಿನ ಹೆಂಗಸು. ಐದನೆಯ ಸಲವೂ ಹೀಗೇ ಆದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಸರ್, ಮೇಡಂ ಗುಡ್ ಡ್ರೈವರ್. ಬಟ್ ಆಫೀಸರ್ ಫೇಲ್ ಮಾಡಲ್ಲ, ಮೇಡಂ ಸೆಲ್ಫ್ ಫೇಲ್!" ಎಂಬುದು ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ. ಎರಡು ಮೂರು ಸಣ್ಣ ತಪ್ಪು ಎಲ್ಲರೂ ಮಾಡುತ್ತಾರೆ, ಆಫೀಸರರು ಅದನ್ನು ಗುರುತು ಹಾಕಿಕೊಂಡು ಸುಮ್ಮನಿರುತ್ತಾರೆ, ನಿಮ್ಮ ಹೆಂಡತಿ ಮೊದಲನೆಯದಕ್ಕೇ ಖಲಾಸ್ ಎಂದು ಬಾಗಿಲು ತೆಗೆಯುತ್ತಾಳೆ, ಇಂಥವರನ್ನು ನಾನು ಕಂಡೇ ಇಲ್ಲ ಎಂದಳು.

ಮನೆಗೆ ಬಂದು ಇದನ್ನು ಮಂಜುಳಾಗೆ ಹೇಳಿದೆ.

"ತಪ್ಪಾದ್ದು ನಂಗೆ ಗೊತ್ತಾಗಲ್ವಾ? ಆದ್ಮೇಲೂ ಏನೂ ಆಗಿಲ್ಲ ಅನ್ನೋ ಹಂಗೆ ಓಡುಸ್ಕೊಂಡು ಹೋಗೋದಾ? ನಾಚಿಕೆ ಬೇಡ್ವಾ ರೀ?" ಅಂದಳು.

"ಅವರು ಇಳಿ ಅನ್ನಲಿಲ್ಲವಲ್ಲ."

"ಅವರ ಬಾಯಲ್ಲಿ ಅನ್ನುಸ್ಕೊಂಡು ಇಳೀಬೇಕಾ? ಇನ್ನೊಂದ್ಸಲ ಹೋಗ್ತೀನಿ. ಅದೇ ಕೊನೆ. ಆಮೇಲೆ ಈ ಮಾತು ಎತ್ತಬೇಡಿ."

ಆ ಕೊನೆಯ ಟೆಸ್ಟು ಒಂದು ಭಾನುವಾರ ಬೆಳಿಗ್ಗೆ ಇತ್ತು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ, ಭಾನುವಾರ ಕೆಲಸದ ದಿನ. ಅದರ ಹಿಂದಿನ ಶುಕ್ರವಾರ ನಾವು ಅಲ್ ಖೋರ್‌ಗೆ ಹೋದದ್ದು.

ಅಲ್ಲಿ ಮೊರಿತಾ ಎಂಬ ನನ್ನ ಆಫೀಸಿನ ಜಪಾನೀ ಇಂಜಿನಿಯರು ಇರುತ್ತಾರೆ. ಸಣ್ಣ ಮೈಕಟ್ಟು, ಸಣ್ಣ ದನಿ. ಲಿಫ್ಟಿನೊಳಗೆ ಹೋಗುವಾಗಲೂ ಲಿಫ್ಟಿಗೆ ತೊಂದರೆಯಾಗಬಾರದು ಎನ್ನುವ ಹಾಗೆ ಹೋಗುವವರು. ಮಂಜುಳಾ ಮಾಡುವ ಪುಳಿಯೋಗರೆ ಎಂದರೆ ಅವರಿಗೆ ಪ್ರಾಣ. ನನ್ನ ಡಬ್ಬಿಯಿಂದ ಅರ್ಧ ಅವರ ಪಾಲಾಗುತ್ತಿತ್ತು. ಅದರ ಋಣ ತೀರಿಸಲೆಂದು ಒಮ್ಮೆ ಮನೆಗೆ ಊಟಕ್ಕೆ ಕರೆದರು. ಹೋದರೆ, ಬಾಗಿಲು ತೆಗೆದ ಮನುಷ್ಯ ಕೊರಳಿಗೆ ಕೆಂಪು ಟವೆಲು ಸುತ್ತಿಕೊಂಡು ನಿಂತಿದ್ದಾರೆ. ಮುಖದಲ್ಲಿ ಮದುಮಗನ ಕಳೆ. "ಸಾರಿ ಸಾರಿ, ಟುಡೇ ಬಿಗ್ ಮ್ಯಾಚ್" ಅಂದರು. ಜಪಾನಿನ ಸಂಜೆ ನಮ್ಮ ಮಧ್ಯಾಹ್ನ. ಅಲ್ಲಿ ನಡೆಯುತ್ತಿದ್ದ ಕುಸ್ತಿ ಇಲ್ಲಿ ಅವರ ಟೀವಿಯಲ್ಲಿ ನೇರವಾಗಿ ಬರುತ್ತಿತ್ತು.

ಕುಸ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಂಜುಳಾ ಮನೆಯಿಂದ ತಂದಿದ್ದ ಪುಳಿಯೋಗರೆ ಡಬ್ಬಿಯನ್ನು ನನ್ನ ಕೈಗೆ ದಾಟಿಸಿ ಸೋಫಾದ ಮುಂದಿನ ತುದಿಯಲ್ಲಿ ಕೂತಳು. ಟೀವಿಯಲ್ಲಿ ಮಣ್ಣಿರಲಿಲ್ಲ, ಸುತ್ತ ಹಗ್ಗ ಕಟ್ಟಿದ ಕಟ್ಟೆ ಇತ್ತು. ಮೊದಲು ಒಬ್ಬ ಬಂದ, ಬಂದ, ಬರುತ್ತಲೇ ಇದ್ದ. ಅಷ್ಟು ದೊಡ್ಡ ಮನುಷ್ಯ. ಆಮೇಲೆ ಅವನ ಎದೆಯವರೆಗೂ ಬರದ ಇನ್ನೊಬ್ಬ ಬಂದ. ಹೆಸರುಗಳನ್ನು ಮೊರಿತಾ ಹೇಳಿದರು, ನಮ್ಮ ನಾಲಿಗೆಗೆ ಹತ್ತಲಿಲ್ಲ. ಮಂಜುಳಾ ಆ ಕ್ಷಣವೇ ಅವರಿಗೆ ದಪ್ಪಯ್ಯ, ಪುಟ್ಟಯ್ಯ ಎಂದು ನಾಮಕರಣ ಮಾಡಿದಳು.

"ಇದ್ಯಾವ ಜೋಡಿ ರೀ? ಯಾರು ಕಟ್ಟಿದ್ದು ಈ ಜೋಡೀನ?" ಎಂದು ಮರುಕ್ಷಣವೇ ಸಿಡಿದಳು. ನಮ್ಮ ಕಡೆ ಕುಸ್ತಿಗೆ ಮುಂಚೆ ಹಿರಿಯರು ಕೂತು ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿ, ಸಮಸಮ ಎಂದು ಕಂಡರೆ ಮಾತ್ರ ಜೋಡಿ ಕಟ್ಟುವುದು. ನಾನು ಇದನ್ನು ಮೊರಿತಾಗೆ ವಿವರಿಸಿದೆ. ಅವರು ಕೊರಳಿನ ಟವೆಲು ಸರಿಪಡಿಸಿಕೊಂಡು, "ಬಟ್ ಈಕ್ವಲ್ ಈಸ್ ನಾಟ್ ಇಂಟರೆಸ್ಟಿಂಗ್" ಅಂದರು. ಇದನ್ನು ನಾನು ಮಂಜುಳಾಗೆ ಕನ್ನಡಕ್ಕೆ ತರುವ ಗೋಜಿಗೆ ಹೋಗಲಿಲ್ಲ, ಅವಳಿಗೆ ಅರ್ಥವಾಗಿ ಮೂಗು ಮುರಿದಾಗಿತ್ತು.

ಗಂಟೆ ಹೊಡೆಯಿತು. ದಪ್ಪಯ್ಯ ಪುಟ್ಟಯ್ಯನನ್ನು ಮಗುವಿನ ಹಾಗೆ ಎತ್ತಿ ಬೆನ್ನು ಅಡಿಯಾಗಿ ಎಸೆದ. ಧಡಾರ್ ಎಂದಿತು.

"ಚಿತ್!" ಅಂದಳು ಮಂಜುಳಾ. "ಪಾಪ. ಏಳಿ, ಊಟ ಬಡಿಸ್ತೀನಿ." ಹಾಗೆಂದು ನಿಜವಾಗಿಯೂ ಎದ್ದು ತಟ್ಟೆ ಜೋಡಿಸತೊಡಗಿದಳು.

ಮೊರಿತಾ ಗಾಬರಿಯಾದರು. ಟೀವಿಯಲ್ಲಿ ಕಂಡದ್ದಕ್ಕೆ ಅತಿಥಿಗೆ ಅಸಹ್ಯವಾಯಿತು ಅಂದುಕೊಂಡಿರಬೇಕು. "ಮೇಡಂ, ನೋ ನೋ, ಪ್ಲೀಸ್, ನಾಟ್ ಫಿನಿಶ್!" ಎಂದು ಟವೆಲು ಹಿಡಿದೇ ಎದ್ದು ನಿಂತರು. ಅಷ್ಟರಲ್ಲಿ ಪಟ್ಟೆ ಅಂಗಿಯ ರೆಫ್ರಿ ನೆಲಕ್ಕೆ ಬಿದ್ದು ಅಂಗೈಯಿಂದ ಒಂದು ಬಡಿದ, ಎರಡು ಬಡಿದ. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಪುಟ್ಟಯ್ಯ ಒಂದು ಭುಜ ಮೇಲೆತ್ತಿದ. ಜನ ಹೋ ಎಂದರು.

"ಇದೇನಿದು?" ಮಂಜುಳಾ ತಟ್ಟೆ ಹಿಡಿದು ನಿಂತಳು. "ಬೆನ್ನು ಪೂರ್ತಿ ಮುಟ್ಟಿತು. ನಾನೇ ನೋಡಿದ್ನಲ್ಲ!"

ಬೆನ್ನು ಮುಟ್ಟಬಹುದು, ಎಷ್ಟು ಸಲ ಬೇಕಾದರೂ ಮುಟ್ಟಬಹುದು, ರೆಫ್ರಿ ಮೂರು ಎಣಿಸುವ ತನಕ ಹಾಗೇ ಬಿದ್ದಿದ್ದರೆ ಮಾತ್ರ ಸೋಲು ಎಂದು ಮೊರಿತಾ ಬೆರಳು ಮಡಿಚಿ ತೋರಿಸಿದರು.

"ಆಮೇಲೆ, ಎರಡಕ್ಕೆ ಎದ್ದರೆ?"

"ಟೂ? ಟೂ ಈಸ್ ನಥಿಂಗ್, ಮೇಡಂ. ನಥಿಂಗ್ ಹ್ಯಾಪನ್."

ಏನೂ ಆಗಿಲ್ಲವಂತೆ! ನನ್ನ ಹೆಂಡತಿಯ ಮುಖ ಆಗ ನೋಡಬೇಕಿತ್ತು. ಎರಡೂ ಎರಡೂ ಸೇರಿ ಮೂರಾಗುತ್ತದೆ ಎಂದು ಯಾರೋ ಅವಳ ಕ್ಲಾಸಿನಲ್ಲೇ ಎದ್ದು ಹೇಳಿದ ಹಾಗಿತ್ತು. "ನಮ್ಮಪ್ಪ ಇದ್ದಿದ್ರೆ ಟೀವಿ ಆರಿಸಿ ಹೋಗೋರು" ಎಂದು ಗೊಣಗಿದಳು. ಆದರೆ ಕೂತಳು.

ಅಲ್ಲಿಂದ ಮುಂದೆ ಪುಟ್ಟಯ್ಯನ ಬೆನ್ನು ಮುಟ್ಟಿದ್ದಕ್ಕೆ ಲೆಕ್ಕವಿಲ್ಲ. ದಪ್ಪಯ್ಯ ಅವನನ್ನು ಒಗೆದ, ಹಿಂಡಿದ, ಒಣಹಾಕಿದ. ಎದೆಗೆ ಅಂಗೈಯಿಂದ ಬಾರಿಸಿದ ಸದ್ದಿಗೆ ನಾನು ಕಣ್ಣು ಮುಚ್ಚಿದೆ, ಗರಡಿಯ ಹೆಂಚಿನ ಸೂರು ಕಂಡಿತು. ಪ್ರತಿ ಸಲವೂ ಒಂದು, ಎರಡು, ಆಮೇಲೆ ಆ ಭುಜ. ಜನ ಒಕ್ಕೊರಲಿನಿಂದ ಏನೋ ಕೂಗುತ್ತಿದ್ದರು. ನನಗೆ ಅದು "ಗಂಬಾರೇ, ಗಂಬಾರೇ" ಎಂದು ಕೇಳಿಸಿತು. ಯಾವಳೋ ಹೆಣ್ಣುಮಗಳನ್ನು ಬಾರೇ ಬಾರೇ ಎಂದು ಇಷ್ಟು ಜನ ಯಾಕೆ ಕರೆಯುತ್ತಿದ್ದಾರೆ ಎಂದು ಮೊರಿತಾರನ್ನು ಕೇಳಿದೆ. ಅದು ಬಿಡಬೇಡ, ಇನ್ನಷ್ಟು ಪ್ರಯತ್ನ ಮಾಡು ಎಂದು ಹುರಿದುಂಬಿಸುವ ಮಾತಂತೆ. ಇದೆಲ್ಲ ಮೊದಲೇ ಮಾತಾಡಿಕೊಂಡು ಮಾಡುವ ಕುಸ್ತಿಯಲ್ಲವೇ ಎಂದೂ ಕೇಳಿಬಿಟ್ಟೆ. ಸಜ್ಜನರ ಮನೆಯಲ್ಲಿ ಕೇಳಬಾರದ ಪ್ರಶ್ನೆ. ಅವರು ಬೇಸರಪಡಲಿಲ್ಲ. ನಾನು ಬಾಲ್ಯದಿಂದ ನೋಡುತ್ತಿದ್ದೇನೆ, ಮಾತಾಡಿಕೊಂಡಿರುತ್ತಾರೋ ಏನೋ, ಬೆನ್ನುನೋವಂತೂ ನಿಜ ಎಂದು ಹೇಳಿ ಮತ್ತೆ ಟೀವಿಗೆ ತಿರುಗಿದರು.

ಇನ್ನೂ ಒಂದು ಸೋಜಿಗ. ಇಷ್ಟು ಮೆತ್ತನೆಯ ಮೊರಿತಾ ದಪ್ಪಯ್ಯನ ಅಭಿಮಾನಿ. ಕೊರಳಿನ ಟವೆಲು ಅವನದೇ. ಚಿಕ್ಕವನಿಗೆ ಎಲ್ಲರೂ ಕೂಗುತ್ತಾರೆ, ದೊಡ್ಡವನಿಗೂ ಒಬ್ಬರಾದರೂ ಬೇಡವೇ ಎಂದು ಅವರ ವಾದ.

ನಾನು ಇದನ್ನೆಲ್ಲ ಕೇಳುತ್ತಿರುವಾಗ ಮಂಜುಳಾ ನನ್ನ ಮಣಿಕಟ್ಟು ಹಿಡಿದಿದ್ದಳು. ಉಸ್ತಾದರ ಮಗಳ ಹಿಡಿತ ಎಂದರೆ ನಿಮಗೆ ಗೊತ್ತಿಲ್ಲ. ರೆಫ್ರಿ ನೆಲಕ್ಕೆ ಬಡಿದಾಗಲೆಲ್ಲ ಅದು ಬಿಗಿಯುತ್ತಿತ್ತು. "ಏಳು, ಏಳು, ಏಳೋ" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದಳು. ಕೊನೆಕೊನೆಗೆ ಪುಟ್ಟಯ್ಯ ಎಲ್ಲಿಂದಲೋ ಕಸುವು ತಂದುಕೊಂಡು ದಪ್ಪಯ್ಯನ ಕಾಲು ಹಿಡಿದು ಉರುಳಿಸಿ ಅವನ ಮೇಲೆ ಬಿದ್ದ. ಒಂದು. ಎರಡು. ಮಂಜುಳಾ ಎದ್ದು ನಿಂತಳು. ದಪ್ಪಯ್ಯನ ಭುಜ ಎದ್ದಿತು. ಅದೇ ನಿಯಮ ಅವನಿಗೂ ಅನ್ವಯಿಸುತ್ತದೆ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅವನು ಪುಟ್ಟಯ್ಯನನ್ನು ಎತ್ತಿ ತಲೆಗಿಂತ ಮೇಲಕ್ಕೆ ಹಿಡಿದು ಕೆಳಗೆ ಬಿಟ್ಟ. ಈ ಸಲ ಮೂರೂ ಎಣಿಸಿದರು. ಪುಟ್ಟಯ್ಯ ಸೋತ.

ಮೊರಿತಾ ಚಪ್ಪಾಳೆ ತಟ್ಟಲಿಲ್ಲ. ಮಂಜುಳಾಳ ಮುಖ ನೋಡಿ ಕೊರಳಿನ ಟವೆಲು ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಅವಳಿಗೆ ಕೊಟ್ಟರು. ಗೆದ್ದವನ ಕಡೆಯಿಂದ ಕ್ಷಮಾಪಣೆ ಇರಬೇಕು. ಅವಳು ನಿರಾಕರಿಸುವ ಮನಸ್ಥಿತಿಯಲ್ಲಿರಲಿಲ್ಲ. ಪುಳಿಯೋಗರೆಯನ್ನು ಮೂವರೂ ಹಂಚಿಕೊಂಡು ತಿಂದೆವು.

ವಾಪಸು ಬರುವ ದಾರಿ ಉದ್ದ. ಎರಡೂ ಕಡೆ ಬೋಳು ಮರಳು, ನಡುವೆ ನೇರ ರಸ್ತೆ. ಅರ್ಧ ದಾರಿಯವರೆಗೆ ಅವಳು ಟವೆಲನ್ನು ಮಡಿಚುತ್ತ, ಬಿಚ್ಚುತ್ತ ಕೂತಿದ್ದಳು.

"ಎಣಿಸೋದು ರೆಫ್ರಿ ಕೆಲಸ, ಅಲ್ವಾ?" ಅಂದಳು ಇದ್ದಕ್ಕಿದ್ದಂತೆ.

"ಮತ್ತೆ ಇನ್ಯಾರದು?" ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ಭಾನುವಾರ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುವುದಾಗಿ ಹೇಳಿ ಅವಳನ್ನು ಕರೆದುಕೊಂಡು ಹೋದೆ. ಟೆಸ್ಟಿಗೆ ಬಂದ ಹೆಂಗಸರೆಲ್ಲ ಒಳಗೆ, ಗಂಡಂದಿರೆಲ್ಲ ಹೊರಗೆ ತಗಡಿನ ನೆರಳಿನಲ್ಲಿ. ಹೆರಿಗೆ ವಾರ್ಡಿನ ಮುಂದೆ ನಿಂತವರ ಹಾಗೆ ಕರಕ್ ಎಂಬ ಇಲ್ಲಿನ ಗಟ್ಟಿ ಚಹಾ ಕುಡಿಯುತ್ತಿದ್ದೆವು. ನಾನು ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಹೋಗಲಿ ಬಿಡು, ಮನೆಯಲ್ಲೇ ಟ್ಯೂಷನ್ ಮಾಡಬಹುದು ಎಂದೆಲ್ಲ. ಯಾವುದೂ ಅವಳ ಮುಂದೆ ಹೇಳುವಂಥದ್ದಾಗಿರಲಿಲ್ಲ, ಆದರೂ ಜೋಡಿಸಿದೆ.

ಹಿಂದಿನ ಸಲಗಳಲ್ಲೆಲ್ಲ ಅವಳು ಬೇಗ ಬಂದುಬಿಡುತ್ತಿದ್ದಳು. ಈ ಸಲ ನನ್ನ ಎರಡನೆಯ ಚಹಾ ಮುಗಿದರೂ ಪತ್ತೆಯಿಲ್ಲ. ಕೊನೆಗೆ ಗೇಟಿನಲ್ಲಿ ಕಾಣಿಸಿದಳು. ತಲೆ ಎತ್ತಿರಲಿಲ್ಲ, ನೆಲ ನೋಡಿಕೊಂಡು ಬರುತ್ತಿದ್ದಳು. ಜೋಡಿಸಿಟ್ಟ ಮಾತುಗಳನ್ನು ಇನ್ನೊಮ್ಮೆ ನೆನಪಿಸಿಕೊಂಡೆ.

"ರೌಂಡ್‌ಅಬೌಟ್‌ನಲ್ಲಿ ನಿಂತುಬಿಟ್ಟೆ ರೀ" ಅಂದಳು. "ನುಗ್ಗೋಕೆ ಜಾಗ ಇತ್ತು, ಆದ್ರೂ ನಿಂತುಬಿಟ್ಟೆ. ಹಿಂದೆ ಒಂದು ಲ್ಯಾಂಡ್ ಕ್ರೂಸರ್, ಕನ್ನಡಿ ತುಂಬಾ ಅದೇ. ಹಾರ್ನ್ ಹೊಡೀತಾನೆ, ಲೈಟ್ ಹಾಕ್ತಾನೆ."

"ಹೋಗಲಿ ಬಿಡು..."

"ತಡೀರಿ. ಆಮೇಲೆ ಹೊರಟೆನಾ, ತಿರುಗೋವಾಗ ಹಿಂದಿನ ಚಕ್ರ ಫುಟ್‌ಪಾತ್ ಹತ್ತಿಬಿಡ್ತು. ಆಫೀಸರಮ್ಮ ಉಸ್ಸ್ ಅಂದ್ಲು, ಏನೋ ಗೀಚ್ಕೊಂಡ್ಲು. ಮುಗೀತು ಅಂತ ನನ್ನ ಕೈ ಬಾಗಿಲ ಹಿಡಿಗೆ ಹೋಗಿತ್ತು ರೀ. ನಿಜವಾಗ್ಲೂ ಹೋಗಿತ್ತು." ಅವಳು ಆ ಕೈಯನ್ನು ಒಮ್ಮೆ ನೋಡಿಕೊಂಡಳು. "ಅವಳ ಮುಖ ನೋಡ್ದೆ. ಅವಳಿನ್ನೂ ಯಲ್ಲಾ ಯಲ್ಲಾ, ನಡಿ ನಡಿ ಅಂತ ಮುಂದೆ ಕೈ ತೋರಿಸ್ತಾ ಇದ್ಳು. ಅವಳು ಇಳಿ ಅನ್ನೋವರೆಗೂ ನಾನ್ಯಾಕೆ ಇಳೀಲಿ ಅಂತ ಕೂತೇ ಇದ್ದೆ."

"ಆಮೇಲೆ?"

"ಆಮೇಲೆ ಪಾರ್ಕಿಂಗ್ ಆಯ್ತು, ಎಲ್ಲಾ ಆಯ್ತು. ಇಳಿ ಅಂದ್ಲು."

"ಅಯ್ಯೋ."

"ಪಾಸು ಅಂತಲೂ ಅಂದ್ಲು."

ಹೇಳಿದವಳೇ ಅಲ್ಲಿ, ಅಷ್ಟು ಜನ ಗಂಡಂದಿರ ಎದುರಿಗೆ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಕ್ಕದಲ್ಲಿದ್ದ ಪಾಕಿಸ್ತಾನಿ ಗೃಹಸ್ಥರು ಪಾಪ ಫೇಲಾದಳೆಂದು ತಿಳಿದು ನನ್ನ ಭುಜ ತಟ್ಟಿ, ಪರವಾಗಿಲ್ಲ ಭಾಯಿ, ಮುಂದಿನ ಸಲ ಆಗುತ್ತದೆ ಎಂದು ಸಮಾಧಾನ ಹೇಳಿದರು. ನಾನು ಅವರ ಕೈ ಕುಲುಕಿ, ನನ್ನ ಕರವಸ್ತ್ರವನ್ನು ಅವಳಿಗೆ ಕೊಟ್ಟೆ. ಸೋತು ಬಂದ ಐದು ಸಲದಲ್ಲಿ ಒಂದು ಸಲವೂ ಅವಳು ಅತ್ತಿರಲಿಲ್ಲ.